ಪಂದ್ಯಕ್ಕೆ ಮುಂಚಿನ ಸೋಲು

ನಾಲ್ಕು ವರ್ಷಕ್ಕೊಮ್ಮೆ ಒಲಿಂಪಿಕ್ ಕ್ರೀಡಾಮಹೋತ್ಸವವು ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ರೇಡಿಯೋದಲ್ಲಿ ವಾರ್ತೆ ಮುಗಿಯುತ್ತಲೇ ಒಬ್ಬರು, "ಹೋದ ತಿಂಗಳು ತಾನೆ ಮೊದಲ ಸುತ್ತಿನಲ್ಲಿಯೇ ಸೋತು ಬಂದವನು ಅಲ್ಲಿಗೆ ಹೋಗಿ ಏನು ತಂದಾನು?" ಎನ್ನುತ್ತಾರೆ. ಮತ್ತೊಬ್ಬರು, "ಈ ಸಾರಿ ಚಿನ್ನ ನಮ್ಮದೇ, ಬೇಕಾದರೆ ಬರೆದಿಟ್ಟುಕೊಳ್ಳಿ" ಎನ್ನುತ್ತಾರೆ. ಮೊದಲನೆಯವರು ವಿಚಾರಣೆಯಿಲ್ಲದೆ ತೀರ್ಪು ಕೊಟ್ಟವರು. ಎರಡನೆಯವರು ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸಿದವರು. ಪಂದ್ಯಕ್ಕೆ ಮುಂಚೆ ಬರುವ ಸೋಲು ನಿಜವಾಗಿಯೂ ಅಪಶಕುನವೇ? ನಾವು ಇಟ್ಟುಕೊಳ್ಳುವ ನಿರೀಕ್ಷೆಯು ಆಟಗಾರನಿಗೆ ಬಲವೇ, ಭಾರವೇ? ಈ ಪ್ರಶ್ನೆಗಳಿಗೆ ಊಹೆಯಿಂದ ಉತ್ತರ ಹೇಳುವುದಕ್ಕಿಂತ ನಡೆದುಹೋದ ಸಂಗತಿಗಳನ್ನು ಕೇಳುವುದು ಲೇಸು.

ಬೆಂಗಳೂರಿನ ಉತ್ತರ ಭಾಗದ ವಾಚಕರಿಗೆ ಈ ವಿಚಾರ ದೂರದ್ದಲ್ಲ. ಹೆಬ್ಬಾಳದ ಕೆರೆಯನ್ನು ದಾಟಿ, ಕೆಂಪೇಗೌಡರ ವಂಶದವರ ಮೂಲನೆಲೆಯಾದ ಯಲಹಂಕದ ಕಡೆಗೆ ಹೋದರೆ ಪಡುಕೋಣೆ–ದ್ರಾವಿಡ್ ಕ್ರೀಡಾಕೇಂದ್ರವಿದೆ. ಅಲ್ಲಿ ಈಜುಗೊಳವಿದೆ, ಗುರಿಕಾರರ ಅಂಗಳವಿದೆ, ಬ್ಯಾಡ್ಮಿಂಟನ್ ಅಂಕಣಗಳಿವೆ. ೧೯೮೦ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದ ನಮ್ಮ ಪ್ರಕಾಶ್ ಪಡುಕೋಣೆಯವರು ವಿಮಲ್ ಕುಮಾರರೊಡನೆ ೧೯೯೪ರಲ್ಲಿ ಆರಂಭಿಸಿದ ಬ್ಯಾಡ್ಮಿಂಟನ್ ಶಾಲೆಯು ಈಗ ನೆಲೆಸಿರುವುದು ಅಲ್ಲಿಯೇ. ಬ್ಯಾಡ್ಮಿಂಟನ್ ಆಟಕ್ಕೆ ಒಲಿಂಪಿಕ್ ಪದಕದ ಮಾನ್ಯತೆ ದೊರೆತದ್ದು ೧೯೯೨ರಲ್ಲಿ. ಅಷ್ಟರಲ್ಲಿ ಪ್ರಕಾಶರ ಆಟದ ಕಾಲ ಮುಗಿದಿತ್ತು. ತಮಗೆ ದೊರೆಯದ ಅವಕಾಶವನ್ನು ಶಿಷ್ಯರ ಪಾಲಿಗೆ ಒದಗಿಸುತ್ತಿರುವ ಆ ಶಾಲೆಯ ಕಥೆಗೆ ಕಡೆಯಲ್ಲಿ ಬರೋಣ. ಅದಕ್ಕೆ ಮುಂಚೆ ಹಳೆಯ ಪುಟಗಳನ್ನು ಕೊಂಚ ತಿರುವಿ ನೋಡಬೇಕು.

ಮಹಾಯುದ್ಧಕ್ಕೆ ಮುಂಚಿನ ಸೋಲು ನಮ್ಮ ಪುರಾಣಕ್ಕೆ ಹೊಸದಲ್ಲ. ಅರ್ಜುನನು ಇಂದ್ರಕೀಲದಲ್ಲಿ ತಪಸ್ಸಿಗೆ ಕುಳಿತಾಗ ಒಂದು ಹಂದಿಯ ನೆವದಲ್ಲಿ ಕಿರಾತನೊಡನೆ ಕದನವಾಯಿತು. ಬತ್ತಳಿಕೆ ಬರಿದಾಯಿತು, ಮಲ್ಲಯುದ್ಧದಲ್ಲಿ ಮೈ ಸೋತಿತು. ಆ ಕಿರಾತನೇ ಶಿವನೆಂದು ತಿಳಿದದ್ದು ಸೋತ ಮೇಲೆ. ಪಾಶುಪತಾಸ್ತ್ರವು ಕೈಸೇರಿದ್ದೂ ಸೋತ ಮೇಲೆಯೇ. ಅದೇ ಭಾರತದಲ್ಲಿ ಉತ್ತರಕುಮಾರನೂ ಇದ್ದಾನೆ. ರಣರಂಗವನ್ನು ಕಾಣುವುದಕ್ಕೆ ಮುಂಚೆ ಹೆಂಗಳೆಯರ ನಡುವೆ ಅವನು ಗೆದ್ದ ಯುದ್ಧಗಳಿಗೆ ಲೆಕ್ಕವಿರಲಿಲ್ಲ. ಕೌರವಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡಿದನು. ಸೋಲು ಒಬ್ಬನಿಗೆ ಅಸ್ತ್ರವನ್ನು ಕೊಟ್ಟಿತು. ಹೊಗಳಿಕೆ ಮತ್ತೊಬ್ಬನ ಕಾಲನ್ನು ಕಿತ್ತಿತು. ಇದು ಕಾವ್ಯದ ಮಾತು. ಇನ್ನು ಚರಿತ್ರೆಯು ಏನು ಹೇಳುತ್ತದೆಂಬುದನ್ನು ನೋಡೋಣ.

೧೯೨೮ರಲ್ಲಿ ಭಾರತದ ಹಾಕಿ ತಂಡವು ಮೊದಲ ಬಾರಿಗೆ ಒಲಿಂಪಿಕ್ ಕ್ರೀಡೆಗಳಿಗಾಗಿ ಆಮ್‌ಸ್ಟರ್‌ಡ್ಯಾಮಿಗೆ ಹೊರಟಿತು. ಹಡಗು ಹತ್ತುವ ಮುನ್ನ ಮುಂಬಯಿಯ ತಂಡದೊಡನೆ ಒಂದು ಪಂದ್ಯವಾಡಿ ೨–೩ ಗೋಲುಗಳಿಂದ ಸೋತಿತು. ಬಂದರಿನಲ್ಲಿ ಬೀಳ್ಕೊಡಲು ಬಂದಿದ್ದವರು ಮೂವರೇ ಮೂವರು. ಆ ತಂಡವೇ ಅಲ್ಲಿ ಐದು ಪಂದ್ಯಗಳಲ್ಲಿ ೨೯ ಗೋಲು ಹೊಡೆದು, ಒಂದನ್ನೂ ಬಿಟ್ಟುಕೊಡದೆ ಚಿನ್ನವನ್ನು ಗೆದ್ದು ಬಂದಾಗ ಅದೇ ಮುಂಬಯಿಯ ಬಂದರಿನಲ್ಲಿ ಕಾಲಿಡಲು ಸ್ಥಳವಿರಲಿಲ್ಲ. ಗೆದ್ದೆತ್ತಿನ ಬಾಲ ಹಿಡಿಯುವ ರೂಢಿ ಇಂದಿನದಲ್ಲ.

ಇದಕ್ಕಿಂತಲೂ ಬೋಧಪ್ರದವಾದುದು ೧೯೩೬ರ ಬರ್ಲಿನ್ ಪ್ರಸಂಗ. ಎರಡು ಬಾರಿ ಚಿನ್ನ ಗೆದ್ದ ತಂಡ, ಧ್ಯಾನ್‌ಚಂದರ ನಾಯಕತ್ವ. ನಿರೀಕ್ಷೆ ಎಷ್ಟಿದ್ದಿತೆಂದು ಹೇಳಬೇಕಾಗಿಲ್ಲ. ಸ್ವದೇಶವನ್ನು ಬಿಡುವ ಮುನ್ನ ಜೂನ್ ತಿಂಗಳಲ್ಲಿ ದೆಹಲಿಯ ತಂಡವೊಂದು ಇವರನ್ನು ೪–೧ರಿಂದ ಸೋಲಿಸಿತು. ಬರ್ಲಿನ್ನನ್ನು ಸೇರಿದ ಮೇಲೆ ಜುಲೈ ೧೭ರಂದು ಜರ್ಮನಿಯೊಡನೆ ಆಡಿದ ಅಭ್ಯಾಸಪಂದ್ಯದಲ್ಲಿ ಮತ್ತೆ ೧–೪! ಆ ರಾತ್ರಿ ತಮಗೆ ನಿದ್ರೆ ಹತ್ತಲಿಲ್ಲವೆಂದೂ, ಕೆಲವರು ಊಟವನ್ನೇ ಮುಟ್ಟಲಿಲ್ಲವೆಂದೂ ಧ್ಯಾನ್‌ಚಂದರು ಆಮೇಲೆ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಈ ಸೋಲಿನ ಮರುದಿನ ಅವರು ಮಾಡಿದುದೇನು ಎಂಬುದರಲ್ಲಿಯೇ ಸ್ವಾರಸ್ಯವಿರುವುದು. ಮೈದಾನ ಸರಿಯಿಲ್ಲ, ಹವೆ ಸರಿಯಿಲ್ಲ ಎಂದು ನೆಪ ಹೇಳಿ ಮರೆಯಲಿಲ್ಲ. ಎದುರಾಳಿಯನ್ನು ಹಗುರವಾಗಿ ಕಂಡೆವು, ಮುಂಚೂಣಿಯಲ್ಲಿ ಒಬ್ಬ ಒಳ್ಳೆಯ ಆಟಗಾರನ ಕೊರತೆಯಿದೆ ಎಂದು ಒಪ್ಪಿಕೊಂಡರು. ಊರಿನಲ್ಲಿಯೇ ಉಳಿದಿದ್ದ ದಾರಾ ಎಂಬ ಸೈನಿಕ ಆಟಗಾರನನ್ನು ಕಳಿಸಿಕೊಡಿರೆಂದು ತಂತಿ ಕೊಟ್ಟರು. ಆತನು ವಿಮಾನದಲ್ಲಿ ಬಂದು ಉಪಾಂತ್ಯ ಪಂದ್ಯದ ವೇಳೆಗೆ ತಂಡವನ್ನು ಕೂಡಿಕೊಂಡನು. ಹಂಗೆರಿ, ಅಮೆರಿಕ, ಜಪಾನ್, ಫ್ರಾನ್ಸ್ ಎಲ್ಲವೂ ಸೋತವು. ಆಗಸ್ಟ್ ೧೫ರಂದು ನಡೆದ ಅಂತಿಮ ಪಂದ್ಯದಲ್ಲಿ ಅದೇ ಜರ್ಮನಿಯನ್ನು ಭಾರತವು ೮–೧ರಿಂದ ಸೋಲಿಸಿತು. ಜುಲೈ ತಿಂಗಳ ಸೋಲಿಗೂ ಆಗಸ್ಟಿನ ಗೆಲುವಿಗೂ ನಡುವೆ ನಾಲ್ಕು ವಾರಗಳ ಕಾಲಾವಕಾಶವಿದ್ದಿತು. ಅದನ್ನು ಅವರು ವ್ಯರ್ಥಮಾಡಲಿಲ್ಲ. ಸೋಲು ದೂತನಿದ್ದಂತೆ. ದೂತನನ್ನು ಬೈದು ಅಟ್ಟಿದರೆ ಅವನು ತಂದ ಸುದ್ದಿ ಸುಳ್ಳಾಗುವುದಿಲ್ಲ.

ಹಾಗಾದರೆ ಮುಂಚಿತವಾಗಿ ಗೆದ್ದವರ ಗತಿಯೇನು? ಇದಕ್ಕೆ ನಮ್ಮ ಬೆಂಗಳೂರಿನ ಕಾಲ್ಚೆಂಡಾಟಗಾರರ ಚರಿತ್ರೆಯಲ್ಲಿ ಉತ್ತರವಿದೆ. ೧೯೫೧ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡೆಗಳಲ್ಲಿ ಭಾರತವು ಇರಾನನ್ನು ಸೋಲಿಸಿ ಕಾಲ್ಚೆಂಡಾಟದ ಚಿನ್ನವನ್ನು ಪಡೆಯಿತು. ಏಷ್ಯಕ್ಕೇ ಮೊದಲಿಗರೆಂಬ ಹೆಗ್ಗಳಿಕೆಯಿಂದ ೧೯೫೨ರಲ್ಲಿ ಹೆಲ್ಸಿಂಕಿಗೆ ಹೋದ ತಂಡವು ಯುಗೊಸ್ಲಾವಿಯದ ಎದುರು ೧–೧೦ರಿಂದ ಸೋತಿತು. ಚಳಿಯ ನಾಡು, ನಮ್ಮವರಲ್ಲಿ ಹಲವರದು ಬರಿಗಾಲು. ಆ ದಿನ ಭಾರತದ ಏಕಮಾತ್ರ ಗೋಲನ್ನು ಹೊಡೆದವರು ಬೆಂಗಳೂರಿನ ಅಹಮದ್ ಖಾನ್. ಬರಿಗಾಲಿನ ಆಟದ ಮಿತಿಯನ್ನು ಏಷ್ಯದ ಗೆಲುವು ಮರೆಮಾಡಿದ್ದಿತು. ಹೆಲ್ಸಿಂಕಿಯ ಸೋಲು ಅದನ್ನು ಬಯಲಿಗೆಳೆಯಿತು. ಅಲ್ಲಿಂದ ಮುಂದೆ ಬೂಟು ಕಡ್ಡಾಯವಾಯಿತು. ನಾಲ್ಕು ವರ್ಷಗಳ ತರುವಾಯ ೧೯೫೬ರಲ್ಲಿ, ನಮ್ಮ ಕೆಂಪಯ್ಯನವರೂ ಇದ್ದ ತಂಡವು ಮೆಲ್ಬೋರ್ನಿನಲ್ಲಿ ಆಸ್ಟ್ರೇಲಿಯವನ್ನು ೪–೨ರಿಂದ ಸೋಲಿಸಿ ನಾಲ್ಕನೆಯ ಸ್ಥಾನವನ್ನು ಗಳಿಸಿತು. ಭಾರತದ ಕಾಲ್ಚೆಂಡಾಟವು ಒಲಿಂಪಿಕ್ ಅಂಗಳದಲ್ಲಿ ಮುಟ್ಟಿದ ಎತ್ತರ ಇಂದಿಗೂ ಅದೇ.

ಹಾಕಿಯಲ್ಲಿಯೂ ಇಂಥ ಪಾಠವೊಂದುಂಟು. ೧೯೭೫ರ ಮಾರ್ಚ್ ೧೫ರಂದು ಕ್ವಾಲಾಲಂಪುರದಲ್ಲಿ ಭಾರತವು ಪಾಕಿಸ್ತಾನವನ್ನು ೨–೧ರಿಂದ ಸೋಲಿಸಿ ವಿಶ್ವಕಪ್ಪನ್ನು ಗೆದ್ದಿತು. ಕೊಡಗಿನ ಬಿ. ಪಿ. ಗೋವಿಂದ ಆ ತಂಡದಲ್ಲಿದ್ದರು. ಜಸ್‌ದೇವ್ ಸಿಂಗರ ವೀಕ್ಷಕವಿವರಣೆಯನ್ನು ರೇಡಿಯೋದ ಮುಂದೆ ಕುಳಿತು ಕೇಳಿದ ಹಿರಿಯರು ಇಂದಿಗೂ ಆ ಸಂಜೆಯನ್ನು ನೆನೆಯುತ್ತಾರೆ. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಚಿನ್ನವಲ್ಲದೆ ಬೇರೆ ಮಾತೇ ಇರಲಿಲ್ಲ. ಆದರೆ ಅಲ್ಲಿ ಹುಲ್ಲಿನ ಮೈದಾನವಿರಲಿಲ್ಲ. ಒಲಿಂಪಿಕ್ ಹಾಕಿಗೆ ಮೊದಲ ಬಾರಿಗೆ ಕೃತಕ ಹಾಸನ್ನು ಹಾಸಿದ್ದರು. ಆಸ್ಟ್ರೇಲಿಯದೆದುರು ೧–೬ರ ಸೋಲನ್ನು ಕಂಡು ಭಾರತವು ಏಳನೆಯ ಸ್ಥಾನಕ್ಕಿಳಿಯಿತು. ವಿಶ್ವವಿಜೇತರಿಗೆ ಎಚ್ಚರಿಕೆ ಹೇಳಬಲ್ಲ ಸೋಲೊಂದು ಮುಂಚಿತವಾಗಿ ಬಂದಿದ್ದರೆ ಲೇಸಾಗುತ್ತಿತ್ತೇನೋ!

ಇಷ್ಟು ಹೇಳಿದ ಮಾತ್ರಕ್ಕೆ ಸೋಲುವುದೇ ಒಳ್ಳೆಯದೆಂದು ವಾಚಕರು ತಿಳಿಯಬಾರದು. ಮುಂಚಿನ ಸೋಲಿನಲ್ಲಿ ಬಗೆಗಳಿವೆ. ಕಠಿಣ ಅಭ್ಯಾಸದ ನಡುವೆ ದಣಿದ ಮೈಯಲ್ಲಿ ಆಡಿ ಸೋಲುವುದು ಒಂದು. ಶಿಕ್ಷಕರು ಬೇಕೆಂದೇ ಈ ದಣಿವನ್ನು ಏರಿಸಿ, ಮುಖ್ಯ ಕೂಟ ಹತ್ತಿರವಾದಂತೆ ಅಭ್ಯಾಸವನ್ನು ಇಳಿಸುತ್ತ ಬರುತ್ತಾರೆ. ಮೈಯ ಕಸುವು ಸರಿಯಾದ ವಾರದಲ್ಲಿ ತುಂಬಿ ಬರಲೆಂಬುದು ಅವರ ಲೆಕ್ಕ. ಇಂಥ ಸೋಲನ್ನು ನೋಡಿ ಭವಿಷ್ಯ ಹೇಳುವುದು, ಉಳುಮೆಯ ದಿನವೇ ಹೊಲಕ್ಕೆ ಹೋಗಿ ತೆನೆಯೆಲ್ಲಿ ಎಂದು ಕೇಳಿದಂತೆ. ಇನ್ನೊಂದು ಬಗೆಯ ಸೋಲು ನಿಜವಾದ ನಷ್ಟವನ್ನೇ ತರುತ್ತದೆ. ಬ್ಯಾಡ್ಮಿಂಟನ್ ಮೊದಲಾದ ಆಟಗಳಲ್ಲಿ ಒಲಿಂಪಿಕ್ಸ್‌ಗೆ ಅರ್ಹತೆ ಸಿಗುವುದು ಒಂದು ವರ್ಷದ ಪಂದ್ಯಗಳಲ್ಲಿ ಗಳಿಸಿದ ಅಂಕಗಳಿಂದ. ಆ ವರ್ಷದಲ್ಲಿ ಸೋತರೆ ಅಂಕ ಕಡಮೆ, ಶ್ರೇಯಾಂಕವಿಲ್ಲ. ಶ್ರೇಯಾಂಕವಿಲ್ಲದಿದ್ದರೆ ಮೊದಲ ಗುಂಪಿನಲ್ಲಿಯೇ ಬಲಿಷ್ಠರು ಎದುರಾಗುತ್ತಾರೆ. ಅಂಕಗಳ ಹಸಿವಿನಿಂದ ದೇಶದಿಂದ ದೇಶಕ್ಕೆ ಓಡಾಡಿ, ನೋವನ್ನು ನುಂಗಿಕೊಂಡು ಆಡುವ ಪ್ರಸಂಗವೂ ಬರುತ್ತದೆ. ಸೋಲು ಇಲ್ಲಿ ದೂತನಲ್ಲ, ಸುಂಕದವನು.

ನಿರೀಕ್ಷೆಯ ವ್ಯಾಪಾರ ಇನ್ನೂ ಸೂಕ್ಷ್ಮವಾದುದು. ಕಂಠಪಾಠವಾದ ಪದ್ಯವನ್ನು ಹುಡುಗನು ಮನೆಯಲ್ಲಿ ಸರಾಗವಾಗಿ ಹೇಳುತ್ತಾನೆ. ಇನ್‌ಸ್ಪೆಕ್ಟರು ಬಂದು ಎದುರಿಗೆ ಕುಳಿತ ದಿನ, ಮುಂದಿನ ಶಬ್ದ ಯಾವುದೆಂದು ಯೋಚಿಸಲು ಹೊರಡುತ್ತಾನೆ, ಯೋಚಿಸಿದೊಡನೆ ತಡವರಿಸುತ್ತಾನೆ. ಅವನಿಗೆ ಪದ್ಯ ಬಾರದೆ ಅಲ್ಲ. ನಾಲಗೆಗೆ ಒಪ್ಪಿಸಿದ್ದ ಕೆಲಸವನ್ನು ಬುದ್ಧಿಯು ಮರಳಿ ಕಿತ್ತುಕೊಂಡದ್ದರಿಂದ ಹಾಗಾಯಿತು. ಸಾವಿರಾರು ಗಂಟೆಗಳ ಅಭ್ಯಾಸದಿಂದ ಕೈಗೆ ಬಂದ ಹೊಡೆತವನ್ನು "ಇದು ತಪ್ಪಿದರೆ ದೇಶ ಏನೆಂದೀತು" ಎಂದು ನೆನೆಯುತ್ತ ಹೊಡೆದರೆ ಚೆಂಡು ಬಲೆಗೆ ಬೀಳುತ್ತದೆ. ಪಂದ್ಯವನ್ನು ಆಡುವುದು ಕೈ. ಫಲವನ್ನು ಎಣಿಸುವುದು ಮನಸ್ಸು. ಎರಡೂ ಒಂದೇ ಕ್ಷಣದಲ್ಲಿ ನಡೆಯಲಾರವು.

ಈ ಮಾತುಗಳಿಗೆಲ್ಲ ನಿದರ್ಶನಗಳು ಬೆಂಗಳೂರಿನಲ್ಲಿಯೇ ಇವೆ. ಲಂಡನ್ನಿನಲ್ಲಿ ಕಂಚು ಗೆದ್ದಿದ್ದ ಸೈನಾ ನೆಹವಾಲ್ ೨೦೧೪ರಲ್ಲಿ ಬೆಂಗಳೂರಿಗೆ ಬಂದು ವಿಮಲ್ ಕುಮಾರರ ಬಳಿ ಅಭ್ಯಾಸಕ್ಕೆ ನಿಂತರು. ಮರುವರ್ಷ ಜಗತ್ತಿನ ಮೊದಲ ಸ್ಥಾನ, ವಿಶ್ವಸ್ಪರ್ಧೆಯ ಬೆಳ್ಳಿ. ೨೦೧೬ರಲ್ಲಿ ರಿಯೋ ನಗರಕ್ಕೆ ಹೊರಟಾಗ ದೇಶವು ಅವರಿಂದ ಪದಕವನ್ನು ಬಯಸಲಿಲ್ಲ. ಪದಕ ಬಂದಂತೆಯೇ ಎಂದು ನಂಬಿತು. ಮೊಣಕಾಲಿನ ನೋವನ್ನು ಹೊತ್ತುಕೊಂಡೇ ಆಡಿದ ಸೈನಾ ಗುಂಪಿನ ಹಂತದಲ್ಲಿಯೇ ಉಕ್ರೇನಿನ ಆಟಗಾರ್ತಿಗೆ ಸೋತರು, ಹಿಂದಿರುಗಿದೊಡನೆ ಶಸ್ತ್ರಚಿಕಿತ್ಸೆಯಾಯಿತು. ಆ ಕೂಟದಲ್ಲಿ ಬೆಳ್ಳಿ ತಂದವರು, ನಿರೀಕ್ಷೆಯ ಬೆಳಕು ಅಷ್ಟಾಗಿ ಬೀಳದಿದ್ದ ಪಿ. ವಿ. ಸಿಂಧು.

ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕರದು ಇದರ ಮರುಮಗ್ಗುಲು. ೨೦೨೧ರಲ್ಲಿ ಟೋಕಿಯೋ ಕೂಟಕ್ಕೆ ಹೋದಾಗ ಅವರ ಸ್ಥಾನ ಜಗತ್ತಿನಲ್ಲಿ ೨೦೦ನೆಯದು. ಕೆಲವು ವಾರಗಳ ಹಿಂದೆ ತಾನೇ ಕೋವಿಡ್ ರೋಗದಿಂದ ಬಳಲಿ ಹೊಡೆತದ ಬಲ ಕುಗ್ಗಿದ್ದಿತು. ಯಾರೂ ಅವರ ಹೆಸರನ್ನೆತ್ತಿರಲಿಲ್ಲ. ನಾಲ್ಕು ದಿನಗಳ ಕೊನೆಯಲ್ಲಿ ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯವರಾದರು. ಮುಂದೆ ೨೦೨೪ರಲ್ಲಿ ಪ್ಯಾರಿಸ್ಸಿಗೆ ಹೋದಾಗ ಎಲ್ಲರ ಕಣ್ಣೂ ಅವರ ಮೇಲಿದ್ದಿತು. ೨೯ನೆಯ ಸ್ಥಾನವನ್ನು ಇತರರೊಡನೆ ಹಂಚಿಕೊಂಡರು. ಇದಕ್ಕೆ ನಿರೀಕ್ಷೆಯೊಂದೇ ಕಾರಣವೆನ್ನಲಾಗದು. ಆದರೆ ನಮ್ಮ ಎಣಿಕೆ ಎಷ್ಟು ಪೊಳ್ಳೆಂಬುದಕ್ಕೆ ಇದು ಸಾಕು.

ಇನ್ನು ಯಲಹಂಕದ ಶಾಲೆಯ ಕಥೆ. ಹಿಮಾಲಯದ ತಪ್ಪಲಿನ ಅಲ್ಮೋರಾದಿಂದ ಚಿಕ್ಕ ವಯಸ್ಸಿನಲ್ಲಿಯೇ ಬೆಂಗಳೂರಿಗೆ ಬಂದ ಲಕ್ಷ್ಯ ಸೇನ್ ಇಲ್ಲಿಯೇ ಬೆಳೆದ ಹುಡುಗ. ೨೦೨೧ರಲ್ಲಿ ವಿಶ್ವಸ್ಪರ್ಧೆಯ ಕಂಚು. ೨೦೨೨ರಲ್ಲಿ ಆಲ್ ಇಂಗ್ಲೆಂಡಿನ ಅಂತಿಮ ಪಂದ್ಯ, ಕಾಮನ್‌ವೆಲ್ತ್ ಕ್ರೀಡೆಗಳ ಚಿನ್ನ. ಆಮೇಲೆ ಮೂಗಿನ ಶಸ್ತ್ರಚಿಕಿತ್ಸೆ. ಒಲಿಂಪಿಕ್ ಅಂಕಗಳು ಎಣಿಕೆಯಾಗುತ್ತಿದ್ದ ಕಾಲದಲ್ಲಿಯೇ, ೨೦೨೩ರ ಕೊನೆ ಮತ್ತು ೨೦೨೪ರ ಆರಂಭದಲ್ಲಿ, ಮೊದಲ ಸುತ್ತಿನ ಸೋಲುಗಳು ಒಂದರ ಹಿಂದೊಂದು ಬಂದವು. ಮಾರ್ಚ್ ತಿಂಗಳಲ್ಲಿ ಫ್ರೆಂಚ್ ಓಪನ್ ಮತ್ತು ಆಲ್ ಇಂಗ್ಲೆಂಡ್ ಎರಡರಲ್ಲಿಯೂ ಉಪಾಂತ್ಯವನ್ನು ಮುಟ್ಟಿ ಹೇಗೋ ಅರ್ಹತೆಯನ್ನು ಗಳಿಸಿದನು. ಆಲ್ ಇಂಗ್ಲೆಂಡಿನ ಉಪಾಂತ್ಯದಲ್ಲಿ ಅವನನ್ನು ಸೋಲಿಸಿ ಮುಂದೆ ಪ್ರಶಸ್ತಿಯನ್ನೂ ಗೆದ್ದವನು ಇಂಡೋನೇಷ್ಯದ ಜೊನಾಟನ್ ಕ್ರಿಸ್ಟಿ.

ಮುಂಚಿನ ಸೋಲುಗಳ ಸುಂಕ ಪ್ಯಾರಿಸ್ಸಿನಲ್ಲಿ ವಸೂಲಾಯಿತು. ಶ್ರೇಯಾಂಕವಿಲ್ಲದ ಲಕ್ಷ್ಯನ ಗುಂಪಿನಲ್ಲಿ ಬಿದ್ದವನು ಮೂರನೆಯ ಶ್ರೇಯಾಂಕದ ಅದೇ ಕ್ರಿಸ್ಟಿ. ಆದರೆ ಸೋಲು ದೂತನೂ ಆಗಿದ್ದಿತಷ್ಟೆ. ಮಾರ್ಚಿನಲ್ಲಿ ಮೂರು ಗೇಮುಗಳಲ್ಲಿ ಸೋತವನು ಜುಲೈ ೩೧ರಂದು ಎರಡೇ ಗೇಮುಗಳಲ್ಲಿ, ೨೧–೧೮, ೨೧–೧೨ರಿಂದ ಗೆದ್ದನು. ಮುಂದೆ ಸ್ವದೇಶದವನೇ ಆದ ಪ್ರಣಯ್, ತೈವಾನಿನ ಚೌ ತಿಯೆನ್‌ಚೆನ್ ಇಬ್ಬರನ್ನೂ ದಾಟಿ, ಒಲಿಂಪಿಕ್ ಬ್ಯಾಡ್ಮಿಂಟನ್ನಿನ ಉಪಾಂತ್ಯವನ್ನು ಸೇರಿದ ಮೊದಲ ಭಾರತೀಯ ಪುರುಷನಾದನು. ಯಾರೂ ಹೆಚ್ಚಾಗಿ ಬಯಸದಿದ್ದ ದಿನಗಳ ಆಟವಿದು.

ಆ ಸಂಜೆಯಿಂದ ಗಾಳಿ ತಿರುಗಿತು. ಪದಕವು ದೇಶದ ಬಾಯಲ್ಲಿ ಬಂದು ಕುಳಿತಿತು. ಉಪಾಂತ್ಯದಲ್ಲಿ ಡೆನ್ಮಾರ್ಕಿನ ವಿಕ್ಟರ್ ಆಕ್ಸೆಲ್ಸೆನ್‌ನೆದುರು ಮೊದಲ ಗೇಮಿನಲ್ಲಿ ೨೦–೧೭ರ ಮುನ್ನಡೆ ಇದ್ದಿತು; ಅದು ೨೦–೨೨ ಆಯಿತು. ಎರಡನೆಯದರಲ್ಲಿ ೭–೦ ಮುನ್ನಡೆ. ಅದು ೧೪–೨೧ ಆಯಿತು. ಆಗಸ್ಟ್ ೫ರಂದು ಕಂಚಿನ ಪಂದ್ಯದಲ್ಲಿ ಮಲೇಷ್ಯದ ಲೀ ಜೀ ಜಿಯಾನೆದುರು ಮೊದಲ ಗೇಮನ್ನು ೨೧–೧೩ರಿಂದ ಗೆದ್ದು, ಮೊಳಕೈಯಿಂದ ರಕ್ತ ಸೋರುತ್ತಿರಲು ಉಳಿದೆರಡನ್ನು ಕಳೆದುಕೊಂಡನು. ಎದುರಾಳಿಗಳು ಸಾಮಾನ್ಯರಲ್ಲ, ಆಕ್ಸೆಲ್ಸೆನ್ ಹಿಂದಿನ ಒಲಿಂಪಿಕ್ಸಿನ ಚಿನ್ನದವನು, ಇಲ್ಲಿಯೂ ಚಿನ್ನವನ್ನೇ ಗೆದ್ದವನು. ಆದರೂ ಕೈಗೆ ಬಂದ ತುತ್ತು ಮೂರು ಬಾರಿ ಜಾರಿದುದನ್ನು ಕಂಡವರಿಗೆ ಗೆಲುವಿನ ಸಾಮೀಪ್ಯವೇ ಒಂದು ಹೊರೆಯೆಂಬುದು ತಿಳಿಯದಿರದು.

ಪಂದ್ಯ ಮುಗಿದ ಮೇಲೆ ಅಂಕಣದ ಬದಿಯಲ್ಲಿ ಕುಳಿತಿದ್ದ ಗುರು ಪ್ರಕಾಶರು, ಸರ್ಕಾರವೂ ಸಂಸ್ಥೆಗಳೂ ಬೇಕಾದುದನ್ನೆಲ್ಲ ಒದಗಿಸಿರುವಾಗ ಇನ್ನು ಆಟಗಾರರು ಹೊಣೆ ಹೊರಬೇಕೆಂದು ನಿಷ್ಠುರವಾಗಿ ನುಡಿದರು. ಸೋತ ಹೊತ್ತಿನಲ್ಲಿ ಹೊಣೆಯನ್ನು ಆಟಗಾರನೊಬ್ಬನ ಮೇಲೆಯೇ ಹೊರಿಸುವುದೇಕೆಂದು ನಮ್ಮವರೇ ಆದ ಅಶ್ವಿನಿ ಪೊನ್ನಪ್ಪ ಬಹಿರಂಗವಾಗಿ ಪ್ರಶ್ನಿಸಿದರು. ಇಬ್ಬರೂ ಆಡಿ ತಿಳಿದವರು. ಗುರುವಿಗೆ ಶಿಷ್ಯನನ್ನು ಗದರಿಸುವ ಅಧಿಕಾರವುಂಟು. ಅವರು ಅವನೊಡನೆ ಬೆವರು ಸುರಿಸಿದವರು. ಆದರೆ ಮನೆಯಲ್ಲಿ ಕುಳಿತು ಕೇಳುವ ನಮಗೆ ಆ ಗದರಿಕೆಯನ್ನು ಎರವಲು ತರುವ ಅಧಿಕಾರವಿದೆಯೇ? ಅದನ್ನು ವಾಚಕರೇ ಯೋಚಿಸಬೇಕು.

ಅದೇ ಪ್ಯಾರಿಸ್ಸಿನಲ್ಲಿ ಬೆಂಗಳೂರಿಗೆ ನಂಟಿರುವ ಮತ್ತೊಂದು ಪ್ರಸಂಗ ನಡೆಯಿತು. ನಮ್ಮ ಊರಿನ ಪಶ್ಚಿಮಕ್ಕೆ, ಜ್ಞಾನಭಾರತಿಯ ಬಳಿಯ ಕ್ರೀಡಾಪ್ರಾಧಿಕಾರದ ಕೇಂದ್ರದಲ್ಲಿ ಅಭ್ಯಾಸ ಮಾಡಿದ ಪುರುಷರ ಹಾಕಿ ತಂಡವು ೨೦೨೪ರ ಏಪ್ರಿಲಿನಲ್ಲಿ ಪರ್ತ್ ನಗರಕ್ಕೆ ಹೋಗಿ ಆಸ್ಟ್ರೇಲಿಯದೊಡನೆ ಐದು ಪಂದ್ಯಗಳನ್ನಾಡಿ ಐದನ್ನೂ ಸೋತಿದ್ದಿತು. ನಾಲ್ಕು ತಿಂಗಳೊಳಗೆ, ಆಗಸ್ಟ್ ೨ರಂದು, ಅದೇ ಆಸ್ಟ್ರೇಲಿಯವನ್ನು ೩–೨ರಿಂದ ಸೋಲಿಸಿತು. ಒಲಿಂಪಿಕ್ಸ್‌ನಲ್ಲಿ ಭಾರತವು ಆಸ್ಟ್ರೇಲಿಯವನ್ನು ಸೋಲಿಸಿದುದು ೧೯೭೨ರ ನಂತರ ಅದೇ ಮೊದಲು. ಕೊನೆಗೆ ಕಂಚೂ ಬಂದಿತು. ಬರ್ಲಿನ್ನಿನ ಪಾಠವೇ ೮೮ ವರ್ಷಗಳ ತರುವಾಯ ಮರುಕಳಿಸಿತು.

ಹೀಗೆ ಚರಿತ್ರೆಯನ್ನು ವಿಚಾರಿಸಿದರೆ ದೊರೆಯುವ ಉತ್ತರ ಸರಳವಾದುದು. ಮುಂಚಿನ ಸೋಲು ಕೇಡಲ್ಲ. ತಿದ್ದಿಕೊಳ್ಳಲು ಸಮಯವಿಲ್ಲದಿರುವುದು, ಸಮಯವಿದ್ದೂ ತಿದ್ದಿಕೊಳ್ಳದಿರುವುದು ಕೇಡು. ನಿರೀಕ್ಷೆಯೆಂಬುದು ನಾವು ಕ್ರೀಡಾಪಟುವಿಗೆ ಕೊಡುವ ಉಡುಗೊರೆಯಲ್ಲ. ಅವನ ಹೆಸರಿನಲ್ಲಿ ನಾವು ಮಾಡುವ ಸಾಲ. ತೀರಿಸಬೇಕಾದವನು ಅವನೊಬ್ಬನೇ.

ಹೆಬ್ಬಾಳದಲ್ಲಿ ೨೦೧೮ರಲ್ಲಿ ಒಂದು ಕಲ್ಲು ಬೆಳಕಿಗೆ ಬಂದಿತು. ಗಂಗರಾಜ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ. ಶ. ೭೫೦ರದು, ಬೆಂಗಳೂರಿನಲ್ಲಿ ದೊರೆತ ಕನ್ನಡ ಶಾಸನಗಳಲ್ಲಿ ಬಹು ಪ್ರಾಚೀನವಾದುದು. ಅದು ಕಾದಿ ಮಡಿದ ಕಿತ್ತಯ್ಯನೆಂಬವನ ವೀರಗಲ್ಲು. ಆಟದ ಸೋಲನ್ನು ರಣದ ಮರಣಕ್ಕೆ ಹೋಲಿಸಲಾಗದು, ನಿಜ. ಆದರೂ ನಮ್ಮ ಹಿರಿಯರು ಕಲ್ಲು ನೆಡುವಾಗ ನೋಡಿದುದು ಅವನು ಉಳಿದನೇ ಎಂಬುದನ್ನಲ್ಲ, ಎದುರು ನಿಂತು ಕಾದಿದನೇ ಎಂಬುದನ್ನು. ಆ ನೆಲದಲ್ಲಿಯೇ ಬಾಳುತ್ತಿರುವ ನಾವು ಬಿದ್ದವನ ಮೇಲೆ ಎಸೆಯಲು ಕಲ್ಲನ್ನು ಹುಡುಕಬಾರದು.

೨೦೨೮ರಲ್ಲಿ ಲಾಸ್ ಏಂಜಲಿಸ್ ಕೂಟವಿದೆ. ಅದಕ್ಕೆ ಮುಂಚೆ ನಮ್ಮವರು ಎಷ್ಟೋ ಕಡೆ ಸೋಲುವ ವಾರ್ತೆ ಬರುತ್ತದೆ. ನಮ್ಮ ಯಲಹಂಕದ ಮಕ್ಕಳೂ ತಾಲ್ಲೂಕಿನ ಕ್ರೀಡಾಕೂಟದಲ್ಲಿ ಸೋತು ಮನೆಗೆ ಬರುತ್ತಾರೆ. ಆಗ "ಏಕೆ ಸೋತೆ?" ಎಂದು ಜಬರಿಸುವ ಬದಲು "ಏನು ಕಂಡುಕೊಂಡೆ?" ಎಂದು ಕೇಳಿ, ಬಿಸಿ ಊಟ ಬಡಿಸಿದರೆ ಸಾಕು. ಮಿಕ್ಕ ಕೆಲಸವನ್ನು ಆ ಸೋಲೇ ಮಾಡುತ್ತದೆ.